ಪಾಂಡುವಿಗೊಂದು ಜಾಗ

ಆಲೂರು
12 ಜೂನ್ 2002

ಸೋದರಮಾವನವರಿಗೆ ವಾಣಿಯ ನಮಸ್ಕಾರ.

ನಿಮಗೆ ಕಾಗದ ಬರೆದು ಬಹಳ ದಿನವಾಯಿತು. ತಂಗಿ ಶೀಲಾ ತೀರಿಕೊಂಡ ಮೇಲೆ ಪೆನ್ನು ಹಿಡಿದು ಕೂತರೆ ಏನು ಬರೆಯಬೇಕೆಂದೇ ತೋಚುತ್ತಿರಲಿಲ್ಲ. ಈಗ ಬರೆಯಲೇಬೇಕಾದ ಸಂದರ್ಭ ಬಂದಿದೆ. ಸುತ್ತಿ ಬಳಸಿ ಹೇಳುವುದಿಲ್ಲ. ನಮ್ಮ ಪಾಂಡುವನ್ನು ನೀವು ಇಟ್ಟುಕೊಳ್ಳುತ್ತೀರಾ?

ತಂಗಿಯ ಮಗಳು ಮಾನಸಾ ಮಾರ್ಚಿಯಿಂದ ನಮ್ಮ ಹತ್ತಿರವೇ ಇದ್ದಾಳೆ. ಅವಳ ಅಪ್ಪ ಮಂಗಳೂರಿನ ಹೋಟೆಲಿನಲ್ಲಿ ದುಡಿಯುವವರು. ನಾಲ್ಕು ಜನರ ಜೊತೆ ಒಂದು ಕೋಣೆಯಲ್ಲಿ ಮಲಗುವವರು ಐದು ವರ್ಷದ ಹೆಣ್ಣುಮಗುವನ್ನು ಎಲ್ಲಿ ಇಟ್ಟುಕೊಂಡಾರು? ನಮಗೂ ಮಕ್ಕಳಿಲ್ಲ. ಹಾಗಾಗಿ ಯಾರೂ ಕೂತು ಮಾತಾಡದೆಯೇ ಅದು ತೀರ್ಮಾನವಾಗಿಹೋಯಿತು.

ಪಾಂಡುವನ್ನು ನೀವು ಒಮ್ಮೆ ನೋಡಿದ್ದೀರಿ. ಹೆತ್ತೂರಿನ ಹತ್ತಿರ ಎಸ್ಟೇಟ್ ಮಾರಿ ಹೋದವರು ಬಿಟ್ಟುಹೋದ ನಾಯಿ. ಮೂರು ವರ್ಷದ ಹಿಂದೆ ಇವರು ಅಲ್ಲಿ ಕರೆಂಟ್ ಲೈನ್ ಎಳೆಯುವ ಕೆಲಸಕ್ಕೆ ಹೋದಾಗ ಜೀಪಿನ ಹಿಂದೆ ಕೂರಿಸಿಕೊಂಡು ಬಂದರು. ಆಗಲೇ ಅದಕ್ಕೆ ನಾಲ್ಕೈದು ವರ್ಷವಾಗಿತ್ತು. ದೊಡ್ಡವರ ಜೊತೆ ಅದರಷ್ಟು ಸಾಧು ಪ್ರಾಣಿ ಇಲ್ಲ. ನನಗೆ ಜ್ವರ ಬಂದರೆ ಮಂಚದ ಕೆಳಗಿನಿಂದ ಏಳುವುದಿಲ್ಲ. ಆದರೆ ಶಾಲೆಯ ಮಕ್ಕಳು ಬೇಲಿಯ ಪಕ್ಕ ಹೋದರೆ ಬಾಯಲ್ಲಿ ನೊರೆ ಬರುವಂತೆ ಬೊಗಳುತ್ತಿತ್ತು. ಬೊಗಳುವುದು ಅದರ ಸ್ವಭಾವ ಅಂದುಕೊಂಡಿದ್ದೆವು. ಮನೆಯಲ್ಲಿ ಮಕ್ಕಳೇ ಇಲ್ಲದಿದ್ದುದರಿಂದ ನಮಗೆ ತಿಳಿಯಲಿಲ್ಲ.

ಮಾನಸಾ ಬಂದ ದಿನದಿಂದ ಅದು ಮೈ ಸೆಟೆಸಿಕೊಂಡೇ ಇತ್ತು. ಅವಳು ನಕ್ಕರೆ ತುಟಿ ಮೇಲೆತ್ತುತ್ತಿತ್ತು. ಹಗಲು ಕಟ್ಟುತ್ತಿದ್ದೆ, ಅವಳು ಮಲಗಿದ ಮೇಲೆ ಬಿಡುತ್ತಿದ್ದೆ. ಹೋದ ಗುರುವಾರ ಹಗ್ಗ ಬಿಚ್ಚಿಕೊಂಡಿತ್ತು. ಮಗು ಅಂಗಳದಲ್ಲಿ ಕೂಗುತ್ತಾ ಓಡಿದಳು, ಅಷ್ಟೇ. ಮುಂಗೈಗೆ ಬಾಯಿ ಹಾಕಿತು. ಹೊಲಿಗೆ ಹಾಕಿಸಿ, ಸೂಜಿ ಹಾಕಿಸುತ್ತಿದ್ದೇವೆ. ಇವರು ನಾಯಿಗೆ ಹೊಡೆಯಲಿಲ್ಲ. ಬಾವಿಕಟ್ಟೆಯ ಮೇಲೆ ಕೂತು, "ಇನ್ನು ಇದು ಇಲ್ಲಿ ಇರೋ ಹಂಗಿಲ್ಲ ವಾಣಿ" ಅಂದರು. ಪಕ್ಕದ ಮನೆಯವರು ವಿಷದ ಮಾತೆತ್ತಿದರು.

ನೀವು ಕಾಯುವ ರೈಲ್ವೆ ಶೆಡ್ಡಿನ ಸುತ್ತ ಮನೆಗಳಿಲ್ಲ, ಮಕ್ಕಳಿಲ್ಲ ಎಂದು ಕೇಳಿದ್ದೇನೆ. ಏನನ್ನೂ ಮುಚ್ಚಿಡದೆ ಬರೆದಿದ್ದೇನೆ. ಆಗುವುದಿಲ್ಲ ಅಂದರೂ ಬೇಜಾರಿಲ್ಲ.

ವಾಣಿ


ಮಾರನಹಳ್ಳಿ
20 ಜೂನ್ 2002

ವಾಣಿಗೆ,

ನಿನ್ನ ಕಾಗದ ಶಿವಯ್ಯನ ಹೋಟೆಲಿನಲ್ಲಿ ಮೂರು ದಿನ ಬಿದ್ದಿತ್ತು. ಮಳೆಗೆ ನಾನು ಮೇಲೆ ರಸ್ತೆಗೆ ಹೋಗಿರಲಿಲ್ಲ.

ನನಗೆ ನಾಯಿಯ ಅಗತ್ಯವಿಲ್ಲ. ಇಲ್ಲಿ ಕಾಯುವುದಕ್ಕೆ ಇರುವುದು ಕಬ್ಬಿಣ. ಕಿತ್ತ ಹಳೆಯ ಹಳಿ, ಹೊಸ ಹಳಿಯ ಬೋಲ್ಟು. ಅದನ್ನು ಹೊತ್ತುಕೊಂಡು ಹೋಗುವ ಗಂಡಸು ಇನ್ನೂ ಹುಟ್ಟಿಲ್ಲ. ಚಿರತೆ ಇದೆ, ನಾಯಿ ಎಂದರೆ ಅದಕ್ಕೆ ಪ್ರೀತಿ. ಇದೆಲ್ಲ ಯೋಚನೆ ಮಾಡಿಯೇ ಹೇಳುತ್ತಿದ್ದೇನೆ, ಕಳಿಸು. ಒಳಗೆ ಮಲಗಿಸಿಕೊಳ್ಳುತ್ತೇನೆ. ಮಕ್ಕಳು ಇಲ್ಲಿಲ್ಲ ಎಂಬುದು ನಿಜ. ಹಳಿ ಬದಲಿಸಲೆಂದು ರೈಲು ನಿಂತ ಮೇಲೆ ಈ ಕಡೆ ಮನುಷ್ಯರೇ ಅಪರೂಪ.

ವಿಷದ ಮಾತಾಡಿದವರ ಮನೆಗೆ ಹೋಗಬೇಡ.

ಮಗುವಿನ ಗಾಯ ಒಣಗಿತೇ, ಬರೆ. ಮುಖ ಶೀಲಾಳದ್ದೋ, ಅವರಪ್ಪನದ್ದೋ?

ಮಹಾದೇವಯ್ಯ


ಆಲೂರು
3 ಜುಲೈ 2002

ಮಾವನವರಿಗೆ,

ಪಾಂಡು ಬಂದು ಸೇರಿತು ಎಂದು ಇವರಿಂದ ತಿಳಿಯಿತು. ನಾಯಿಯನ್ನು ಬಸ್ಸಿಗೆ ಹತ್ತಿಸಲು ಕಂಡಕ್ಟರ್ ಒಪ್ಪಲಿಲ್ಲ. ಕೊನೆಗೆ ಶುಂಠಿ ತುಂಬಿಕೊಂಡು ಮಂಗಳೂರಿಗೆ ಹೋಗುವ ಲಾರಿಯವರು ದಯೆ ತೋರಿಸಿದರು. ಮೂಟೆಗಳ ಮೇಲೆ ಇವರೂ ಅದೂ ಕೂತು ಹೋದರು. ನಾನು ಬರಬೇಕೆಂದಿದ್ದೆ. ಮಾನಸಾಳನ್ನು ಬಿಟ್ಟುಬರುವಂತಿರಲಿಲ್ಲ.

ಇವರು ಹೇಳಿದ್ದು ಇಷ್ಟೇ: "ಮಾವನ ಹಿಂದೇನೇ ಹೋಗ್ಬುಡ್ತು. ತಿರುಗಿ ಕೂಡ ನೋಡ್ಲಿಲ್ಲ." ನಾಯಿಯನ್ನು ಬಿಟ್ಟು ನೇರ ಸಕಲೇಶಪುರಕ್ಕೆ ಕೆಲಸಕ್ಕೆ ಹೋದರಂತೆ. ಅದು ಅಷ್ಟು ಸುಲಭವಾಗಿ ಹೊಂದಿಕೊಂಡಿದ್ದರೆ ಒಳ್ಳೆಯದೇ. ಆದರೂ ಸಂಜೆ ಅದರ ತಟ್ಟೆ ತೊಳೆದಿಡುವಾಗ ನನಗೆ ಸ್ವಲ್ಪ ಸಿಟ್ಟೇ ಬಂತು.

ಗಾಯ ಒಣಗಿದೆ. ಮುಖ ಶೀಲಾಳದ್ದೇ. ಅದಕ್ಕೇ ಕೆಲವು ದಿನ ನೋಡುವುದು ಕಷ್ಟ.

ವಾಣಿ


ಮಾರನಹಳ್ಳಿ
19 ಜುಲೈ 2002

ವಾಣಿಗೆ,

ನಾಯಿ ಚೆನ್ನಾಗಿದೆ. ಮೊದಲ ದಿನಗಳಲ್ಲಿ ಏನೂ ತಿನ್ನಲಿಲ್ಲ. ನವೀನ್‌ಕುಮಾರ್ ಸಂಜೆಯ ಬಸ್ಸಿನ ತನಕ ಅದರ ಪಕ್ಕದಲ್ಲೇ ಕೂತಿದ್ದರಲ್ಲ, ಅವರು ಕೂತಿದ್ದ ಜಾಗದಿಂದ ಅದನ್ನು ಏಳಿಸುವುದೇ ಕಷ್ಟವಾಯಿತು. ಅಳಿಯಂದಿರಿಗೆ ಊಟ ಮಾಡಿ ಅಂದರೂ ಮಾಡಲಿಲ್ಲ. ನಾನು ಬಲವಂತ ಮಾಡಲಿಲ್ಲ. ಕಣ್ಣು ಒರೆಸಿಕೊಳ್ಳುವ ಗಂಡಸಿಗೆ ಅನ್ನ ಬಡಿಸಲು ನನಗೆ ಬರುವುದಿಲ್ಲ.

ಆಮೇಲೆ ಒಂದು ದಿನ ನಾನು ಉಣ್ಣುವಾಗ ಹತ್ತಿರ ಬಂದು ಕೂತಿತು. ಗಂಜಿಗೆ ಒಣಮೀನು ಹಾಕಿದರೆ ತಿನ್ನುತ್ತದೆ. ನಿಮ್ಮ ಮನೆಯಲ್ಲಿ ಮೀನು ಮಾಡುವುದಿಲ್ಲ. ಎಸ್ಟೇಟಿನಲ್ಲಿ ರುಚಿ ಕಂಡಿರಬೇಕು. ಶಿವಯ್ಯನ ಹೋಟೆಲಿನ ಹಿಂದೆ ಒಬ್ಬರು ಕೊಡುತ್ತಾರೆ. ಮಠದ ಸ್ವಾಮಿಗಳಿಗೆ ತಿಳಿಸಬೇಡ.

ಒಮ್ಮೆ ನನ್ನ ಹೆಬ್ಬೆರಳಿಗೂ ಬಾಯಿ ಹಾಕಿತು. ಕಾಲಿನ ಮುಳ್ಳು ತೆಗೆಯುವಾಗ. ತಪ್ಪು ನನ್ನದು, ಹೇಳದೆ ಕೈ ಹಾಕಿದೆ.

ಮಹಾದೇವಯ್ಯ


ಆಲೂರು
29 ಆಗಸ್ಟ್ 2002

ಮಾವನವರಿಗೆ,

ಇವರು ಸಂಜೆಯ ತನಕ ಕೂತಿದ್ದುದು ನನಗೆ ಗೊತ್ತಿರಲಿಲ್ಲ. ನಾನು ಕೇಳಲೂ ಇಲ್ಲ.

ಗೌರಿ ಹಬ್ಬಕ್ಕೆ ನೀವು ಬರಬೇಕು. ಅಮ್ಮ ಇಲ್ಲದ ಮೇಲೆ ತವರಿನ ಕಡೆಯಿಂದ ಬಾಗಿನ ತರುವವರು ನೀವೊಬ್ಬರೇ. ನನಗೆ ಬಾಗಿನ ಬೇಡ. ಮಾನಸಾ ನಿಮ್ಮನ್ನು ನೋಡಬೇಕು. ಅವಳಿಗೆ ತಾಯಿಯ ಕಡೆಯವರೆಂದರೆ ನಾನು, ನೀವು, ಅಷ್ಟೇ. ನೀವು ಲಾರಿ ಓಡಿಸುತ್ತಿದ್ದಾಗ ಶೀಲಾಳನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಸುತ್ತಾಡಿಸುತ್ತಿದ್ದುದನ್ನು ಹೇಳಿದ್ದೇನೆ. "ಲಾರಿ ತಾತ ಯಾವಾಗ ಬರ್ತಾರೆ?" ಎಂದು ಕೇಳುತ್ತಾಳೆ.

ವಾಣಿ


ಮಾರನಹಳ್ಳಿ
16 ಸೆಪ್ಟೆಂಬರ್ 2002

ವಾಣಿಗೆ,

ಹಬ್ಬಕ್ಕೆ ಬರಲಾಗಲಿಲ್ಲ. ಮಂಡಿ ನೋವು. ಕಂಟ್ರಾಕ್ಟರರೂ ರಜೆ ಕೊಡಲಿಲ್ಲ. ಮುಂದೆ ನೋಡೋಣ.

ಮಗುವಿಗೆ ಶಿವಯ್ಯನ ಕೈಯಲ್ಲಿ ಬಳೆ ಕಳಿಸಿದ್ದೇನೆ. ಅಳತೆ ಗೊತ್ತಿಲ್ಲದೆ ತಂದದ್ದು.

ಮಹಾದೇವಯ್ಯ


ಆಲೂರು
9 ಜನವರಿ 2003

ಮಾವನವರಿಗೆ,

ಬಳೆ ದೊಡ್ಡದಾಯಿತು. ಎತ್ತಿಟ್ಟಿದ್ದೇನೆ.

ಬರೆಯಲು ತಡವಾಯಿತು. ಇಲ್ಲಿ ಏನು ಮಾಡಿದರೂ ದಣಿವು ಹೋಗುವುದಿಲ್ಲ. ಮಗು ಜಗಳ ಮಾಡುವುದಿಲ್ಲ, ಹಟ ಮಾಡುವುದಿಲ್ಲ. ತಟ್ಟೆಯಲ್ಲಿ ಹಾಕಿದ್ದನ್ನೆಲ್ಲ ತಿನ್ನುತ್ತಾಳೆ. ಬೈದರೆ ನಿಂತು ಕೇಳುತ್ತಾಳೆ. ಮಕ್ಕಳನ್ನು ಸಾಕಿದ ಹೆಂಗಸರು, "ಎಷ್ಟು ಒಳ್ಳೆ ಮಗು ಕಣಮ್ಮ ನಿಂದು" ಅನ್ನುತ್ತಾರೆ. ನನಗೇಕೋ ಮನೆಯಲ್ಲಿ ನೆಂಟರು ಇದ್ದಂತೆ ಅನ್ನಿಸುತ್ತಿತ್ತು. ಇದನ್ನು ಇವರ ಹತ್ತಿರವೂ ಹೇಳಿರಲಿಲ್ಲ.

ಸೋಮವಾರ ಅಂಗನವಾಡಿಯಲ್ಲಿ ಅವಳು ಒಂದು ಹುಡುಗಿಯ ಕೈ ಕಚ್ಚಿದಳು. ಗೊಂಬೆಗೆ ಜಗಳ. ರಕ್ತವೇನೂ ಬಂದಿರಲಿಲ್ಲ. ಟೀಚರ್ ನಗುತ್ತಲೇ ಹೇಳಿದರು. ನಾನೂ ಅದನ್ನು ದೊಡ್ಡದು ಮಾಡಲಿಲ್ಲ. ಮನೆಗೆ ಬಂದು ಒಲೆ ಹಚ್ಚಿ ತಿರುಗಿ ನೋಡಿದರೆ ಮಗು ಕಾಣಲಿಲ್ಲ. ಜಗುಲಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಮಂಗಳೂರಿನಿಂದ ತಂದಿದ್ದ ಅದೇ ಬಟ್ಟೆ ಚೀಲ. ಎರಡು ಫ್ರಾಕು, ಶೀಲಾಳ ಒಂದು ಕರವಸ್ತ್ರ. ಚಪ್ಪಲಿ ಹಾಕಿಕೊಂಡಿದ್ದಳು.

"ಎಲ್ಲಿಗೆ ಹೊರಟೆ?" ಅಂದೆ.

"ದೊಡ್ಡಪ್ಪ ಬರ್ಲಿ ಅಂತ ಕೂತಿದೀನಿ" ಅಂದಳು. "ಲಾರೀಲಿ ಕರ್ಕೊಂಡು ಹೋಗ್ತಾರಲ್ಲ. ಪಾಂಡು ಕಚ್ತು ಅಂತ ಪಾಂಡುನ ಕಳಿಸಿದ್ರಲ್ಲ."

ಅಳುತ್ತಿರಲಿಲ್ಲ ಮಾವ. ಅಳುತ್ತಿದ್ದರೆ ಎತ್ತಿಕೊಳ್ಳುವುದು ಸುಲಭವಿತ್ತು. ನಾನು ಪಕ್ಕದಲ್ಲಿ ಕೂತು, ನಿನ್ನನ್ನು ಯಾರೂ ಎಲ್ಲಿಗೂ ಕಳಿಸುವುದಿಲ್ಲ ಎಂದೆ. ತಲೆಯಾಡಿಸಿದಳು. ನಂಬಲಿಲ್ಲ. ಚೀಲವನ್ನು ಇವತ್ತಿಗೂ ಬಿಚ್ಚಿಲ್ಲ, ಹಾಸಿಗೆಯ ಪಕ್ಕದಲ್ಲೇ ಇದೆ.

ಆ ಮಗುವಿನ ತಲೆಯಲ್ಲಿ ಇಷ್ಟು ದಿನ ಏನು ಓಡುತ್ತಿತ್ತೋ. ಒಳ್ಳೆಯ ಮಗು ಎಂದು ನಾವೆಲ್ಲ ಹೊಗಳುತ್ತಿದ್ದೆವು.

ವಾಣಿ


ಮಾರನಹಳ್ಳಿ
25 ಜನವರಿ 2003

ವಾಣಿಗೆ,

ಕಾಗದ ಎರಡು ಸಲ ಓದಿದೆ. ಮಗುವಿಗೆ, ಪಾಂಡುವನ್ನು ಹೊರಗೆ ಹಾಕಲಿಲ್ಲ, ತಾತನ ಮನೆಗೆ ಕಳಿಸಿದ್ದು ಎಂದು ಹೇಳು. ಚೀಲ ಅಲ್ಲೇ ಇರಲಿ, ನೀನಾಗಿ ಬಿಚ್ಚಬೇಡ.

ಇಲ್ಲಿ ಸಂಕ್ರಾಂತಿ ಕಳೆದ ಮೇಲೆ ಕೆಲಸದವರು ಬಂದಿದ್ದಾರೆ. ಸದ್ದು ಜಾಸ್ತಿಯಾಗಿದೆ.

ಒಂದು ವಿಷಯ ಕೇಳಬೇಕಿತ್ತು. ಹೆತ್ತೂರಿನ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಬೋರಯ್ಯನವರು ಈಗಲೂ ಇದ್ದಾರೆಯೇ? ಆ ಕಡೆ ಒಂಟಿ ಕಾವಲಿನ ಜಾಗ ಯಾವುದಾದರೂ ಇದ್ದರೆ ವಿಚಾರಿಸು. ಅವಸರವಿಲ್ಲ.

ಮಹಾದೇವಯ್ಯ


ಆಲೂರು
4 ಜೂನ್ 2003

ಮಾವನವರಿಗೆ,

ಬೋರಯ್ಯನವರನ್ನು ಕಂಡು ಬಂದೆ. ಹೊಸ ಯಜಮಾನರು ಕೂಲಿಯವರ ಲೈನ್ ಮನೆಗಳನ್ನು ತುಂಬಿಸಿದ್ದಾರೆ, ಎಲ್ಲಿ ನೋಡಿದರೂ ಮಕ್ಕಳು. ಪಾಂಡು ಯಾಕೆ ಹಾಗೆ ಎಂದು ಕೇಳಿದೆ. "ಕಾಫಿ ಕಣದಲ್ಲಿ ಚೈನಿಗೆ ಕಟ್ಟಿರ್ತಿದ್ರು ಕಣಮ್ಮ. ಹುಡುಗ್ರು ಕಲ್ಲು ಹೊಡಿತಿದ್ವೇನೋ. ನಾನು ನೋಡಿಲ್ಲ. ಕೆಲವ್ಕೆ ಕಾರಣಾನೂ ಇರಲ್ಲ" ಅಂದರು. ಅಷ್ಟೇ ತಿಳಿದದ್ದು.

ನಾಯಿ ಬೇಜಾರಾಗಿದ್ದರೆ ನೇರವಾಗಿ ಹೇಳಿ. ಬೇರೆ ಜಾಗ ಹುಡುಕು ಎಂದು ಸುತ್ತಿ ಬಳಸಿ ಬರೆಯಬೇಡಿ. ಒಂದು ವರ್ಷ ಇಟ್ಟುಕೊಂಡಿದ್ದೀರಿ, ಅದೇ ದೊಡ್ಡದು.

ಸೋಮವಾರ ಮಾನಸಾ ಒಂದನೇ ಕ್ಲಾಸಿಗೆ ಸೇರಿದಳು. ಬನ್ನಿ ಎಂದು ಎರಡು ಕಾಗದ ಹಾಕಿದ್ದೆ. ಬೆಳಗಿನಿಂದ ಬಸ್ ಬಂದಾಗಲೆಲ್ಲ ಬಾಗಿಲಿಗೆ ಹೋಗಿ ನೋಡಿ ಬರುತ್ತಿದ್ದಳು. ಮಾರನಹಳ್ಳಿಯಿಂದ ಆಲೂರಿಗೆ ಬೆಳಗ್ಗೆ ಹೊರಟರೆ ಸಂಜೆಗೆ ವಾಪಸ್ಸು ಹೋಗಬಹುದು. ಶೀಲಾ ನಿಮ್ಮ ಕೈಯಲ್ಲೇ ಬೆಳೆದವಳು. ಮಂಗಳೂರಿನಲ್ಲಿದ್ದಾಗ ಆಗಲಿಲ್ಲ, ಸರಿ; ಇಲ್ಲಿಗೆ ಬಂದ ಮೇಲೂ ಅವಳ ಮಗಳನ್ನು ನೀವು ನೋಡಿಲ್ಲ. ಯಾಕೆಂದು ಇನ್ನು ಕೇಳುವುದಿಲ್ಲ. ಕರೆಯುವುದೂ ಇಲ್ಲ.

ವಾಣಿ


ಆಲೂರು
24 ಆಗಸ್ಟ್ 2003

ಮಾವ,

ನನ್ನ ಕಾಗದಕ್ಕೆ ನೀವು ಉತ್ತರ ಬರೆಯಲಿಲ್ಲ. ಬರೆದಿದ್ದರೂ ನಿಜ ಬರೆಯುತ್ತಿರಲಿಲ್ಲ.

ಇವರು ಶುಕ್ರವಾರ ಘಾಟಿಯಲ್ಲಿ ಮರ ಬಿದ್ದು ಕಂಬ ಮುರಿದ ಕೆಲಸಕ್ಕೆ ಬಂದಿದ್ದರು. ಶೆಡ್ಡಿಗೆ ಇಳಿದಾಗ ನೀವು ಹಳ್ಳದ ಕಡೆ ಇದ್ದಿರಂತೆ. ನೀವು ಬರುವ ಮುಂಚೆಯೇ ಕೆಲಸದ ಹೆಂಗಸು ಭದ್ರಮ್ಮ ಎಲ್ಲ ಹೇಳಿದಳು. ಇವರು ಅವಳ ಮಾತನ್ನು ಅವಳಂತೆಯೇ ಹೇಳಿ ತೋರಿಸಿದರು:

"ನಾವು ಬಂದಾಗಿಂದ ಯಜಮಾನ್ರು ಆ ನಾಯಿ ಹಗ್ಗ ಸೊಂಟಕ್ಕ ಕಟ್ಕೊಂಡೇ ಅಡ್ಡಾಡ್ತಾರ್ರೀ. ನಮ್ಮ ಕೂಸುಗಳು ಇತ್ತ ಬಂದ್ರ ತಾವೇ ಎದ್ದು ಅತ್ತ ಹೋಗ್ತಾರ. ಕಚ್ಚಬಾರದಂತ ಎತ್ತಿನ ಬಾಯಿಗೆ ಕಟ್ಟೋ ಕುಕ್ಕಿ ಅದರ ಬಾಯಿಗೆ ಹಾಕ್ಯಾರ. ಬ್ಯಾರೆಯವ್ರು ಹಾಕಿದ್ರ ಅದು ಉಣ್ಣಂಗಿಲ್ಲ. ಒಮ್ಮೆ ಊರಿಗೆ ಹೊಂಟಿದ್ರು, ಹೊಸ ಅಂಗಿ ಹಾಕ್ಕೊಂಡು. ನನ್ನ ಮಗನ ಕೈಗೆ ಹಗ್ಗ ಕೊಟ್ರು. ಅದು ಹಗ್ಗ ಕಡಿದು ನಮ್ಮ ಹಟ್ಟಿ ಕಡೆ ಓಡಿ ಬಂತು. ಸೇತುವೆ ತನಕ ಹೋದವ್ರು ಕೂಗಾಟ ಕೇಳಿ ತಿರುಗಿ ಬಂದ್ರು. ಅಂದಿನಿಂದ ಎಲ್ಲೂ ಹೋಗಿಲ್ಲ."

ಅದು ಯಾವ ದಿನ ಎಂದು ಇವರು ಕೇಳಿದರಂತೆ. ಜೂನ್ ಮೊದಲ ವಾರ, ಮಳೆ ಹಿಡಿಯುವ ಮುಂಚೆ, ಅಂದಳಂತೆ. ಮಾನಸಾ ಬಾಗಿಲಲ್ಲಿ ಕಾಯುತ್ತಿದ್ದ ದಿನ.

ಹಬ್ಬಕ್ಕೆ ಬರದಿದ್ದುದು ಮಂಡಿ ನೋವಿಗಲ್ಲ, ಆಗಲೂ ಅದು ಬೇರೆಯವರ ಕೈಯಲ್ಲಿ ತಿನ್ನುತ್ತಿರಲಿಲ್ಲ ಎಂದು ಈಗ ಅರ್ಥವಾಗುತ್ತಿದೆ. ನಾಯಿಯನ್ನು ನಿಮ್ಮ ಮೇಲೆ ಹೊರಿಸಿ, ಮಗುವನ್ನು ನೋಡಲು ಬರಲಿಲ್ಲವೆಂದು ನಿಮ್ಮನ್ನೇ ಬೈದೆ. ನೀವಾದರೂ ಒಂದು ಸಾಲು ಬರೆಯಬಾರದಿತ್ತೇ?

ಹಿತ್ತಲಿಗೆ ಬಲೆ ಹಾಕಿಸಿ ವಾಪಸ್ಸು ಕರೆತರೋಣ ಎಂದು ಇವರು ಹೇಳುತ್ತಿದ್ದಾರೆ.

ವಾಣಿ


ಮಾರನಹಳ್ಳಿ
5 ಸೆಪ್ಟೆಂಬರ್ 2003

ವಾಣಿಗೆ,

ಬಲೆ ಹಾಕಿಸಬೇಡಿ. ನಾಯಿ ಅಲ್ಲಿಗೆ ಬರುವುದು ಬೇಡ. ಬಲೆಯ ಆಚೆ ಮಗು, ಈಚೆ ಅದು, ಎರಡಕ್ಕೂ ದಿನವಿಡೀ ಹೆದರಿಕೆ. ಮತ್ತೆ ಏನಾದರೂ ಆದರೆ ಮತ್ತೆ ಕಳಿಸುತ್ತೀರಿ. ಮಗು ಅದನ್ನು ಎರಡನೇ ಸಲ ನೋಡಬಾರದು.

ಬರೆದಿದ್ದರೆ ನೀನು ಕರೆದುಕೊಂಡು ಹೋಗುತ್ತೇನೆ ಅನ್ನುತ್ತಿದ್ದೆ. ಅದಕ್ಕೇ ಬರೆಯಲಿಲ್ಲ. ಈಗ ನೋಡು, ಹಾಗೇ ಅಂದೆ.

ಎಂಜಿನಿಯರು ಬಂದಾಗಲೆಲ್ಲ, "ಆ ನಾಯಿನ ಎಲ್ಲಾದ್ರೂ ಸಾಗಹಾಕ್ರೀ" ಅನ್ನುತ್ತಾರೆ. ಅವರು ಹೇಳುವುದು ತಪ್ಪಲ್ಲ. ಸುರಂಗದ ಬಾಯಿಯ ಹತ್ತಿರ ಇನ್ನೊಂದು ಸಣ್ಣ ಶೆಡ್ಡು ಇದೆ. ಆನೆ ಓಡಾಡುವ ಜಾಗವೆಂದು ಅಲ್ಲಿಗೆ ಯಾರೂ ಒಪ್ಪುತ್ತಿರಲಿಲ್ಲ. ನಾನು ಕೇಳಿಕೊಂಡು ಅಲ್ಲಿಗೆ ಬಂದಿದ್ದೇನೆ. ಮಕ್ಕಳು ಅಷ್ಟು ದೂರ ಬರುವುದಿಲ್ಲ. ಧ್ವನಿ ಮಾತ್ರ ಕೇಳುತ್ತದೆ.

ಪಾಂಡುವಿಗೆ ಒಂಬತ್ತು ವರ್ಷವಾಗಿರಬೇಕು. ಮೂತಿ ಬೆಳ್ಳಗಾಗಿದೆ. ಇನ್ನು ಎಷ್ಟು ವರ್ಷ ಇದ್ದೀತು. ಅಲ್ಲಿಯ ತನಕ ಇರುತ್ತೇನೆ. ನನಗೆ ಅದು ಭಾರವಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಮಳೆಯಲ್ಲಿ ಬೆಳಗ್ಗೆ ಏಳುವಾಗ ಭಾರವೇ. ಆದರೆ ಇಟ್ಟುಕೊಳ್ಳುತ್ತೇನೆಂದು ಹೇಳಿದ ಮೇಲೆ ಆಯಿತು.

ಶೀಲಾಳ ಮಗಳನ್ನು ನೋಡಬೇಕೆಂದು ಇಲ್ಲವೆ, ನನಗೆ?

ಮಹಾದೇವಯ್ಯ


ಆಲೂರು
18 ಸೆಪ್ಟೆಂಬರ್ 2003

ಮಾವ,

ನಾನು ಬರುತ್ತೇನೆ. ಮಳೆ ನಿಂತ ಮೇಲೆ, ದೀಪಾವಳಿ ಕಳೆದು. ನಾಯಿಯನ್ನು ತರುವುದಕ್ಕಲ್ಲ. ಎರಡು ವಾರ ನಾನು ಅಲ್ಲಿರುತ್ತೇನೆ, ನೀವು ಇಲ್ಲಿಗೆ ಬರಬೇಕು. ಮೊದಲ ಮೂರು ದಿನ ನೀವೂ ಜೊತೆಗಿದ್ದು ಅದಕ್ಕೆ ನನ್ನ ಕೈ ರೂಢಿ ಮಾಡಿಸಿ. ಕಂಟ್ರಾಕ್ಟರರ ಹತ್ತಿರ ಇವರು ಮಾತಾಡಿದ್ದಾರೆ. ಕಾವಲಿಗೆ ಹೆಂಗಸೇ ಎಂದು ನಕ್ಕರಂತೆ. ಕಬ್ಬಿಣ ಹೊತ್ತುಕೊಂಡು ಹೋಗುವವರು ಹುಟ್ಟಿಲ್ಲ ಎಂದು ನೀವೇ ಬರೆದಿದ್ದೀರಿ.

ಇವರು ಮೊದಲು ಒಪ್ಪಲಿಲ್ಲ. ಆಮೇಲೆ, "ನಾನೂ ಒಂದ್ಸಲ ಹೋಗಿರ್ತೀನಿ, ಬೇಸಿಗೇಲಿ" ಅಂದರು.

ವಾಣಿ


ಆಲೂರು
21 ನವೆಂಬರ್ 2003

ವಾಣಿಗೆ,

ಬಂದು ಸೇರಿದೆ. ನಿನ್ನ ಮನೆಯಿಂದ ನಿನಗೇ ಕಾಗದ ಬರೆಯುವುದು ವಿಚಿತ್ರವಾಗಿದೆ.

ಮಗು ಎರಡು ದಿನ ನನ್ನ ಹತ್ತಿರ ಸುಳಿಯಲಿಲ್ಲ. ಬಾಗಿಲ ಸಂದಿನಿಂದ ನೋಡುತ್ತಿದ್ದಳು. ನಾನೂ ಕರೆಯಲಿಲ್ಲ. ಪಾಂಡು ನನಗೆ ಅಷ್ಟು ಕಲಿಸಿದೆ. ನೆನ್ನೆ ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದೆ. ಬಂದು ಪಕ್ಕದಲ್ಲಿ ಕೂತಳು. ತೋಳು ಮುಂದೆ ಚಾಚಿ, "ಇದು ಪಾಂಡು ಕಚ್ಚಿದ್ದು" ಅಂದಳು. ನಾನು ನನ್ನ ಹೆಬ್ಬೆರಳು ತೋರಿಸಿ, "ಇದೂ ಅದರದ್ದೇಯ" ಅಂದೆ. ಬಹಳ ಹೊತ್ತು ಹಿಡಿದು ನೋಡಿದಳು.

"ಕಚ್ಚಿದ ಮೇಲೂ ಇಟ್ಕೊಂಡಿದೀರಾ?"

"ಇಟ್ಕೊಂಡಿವ್ನಿ ಕಣವ್ವ."

"ಯಾಕೆ?"

"ನಂದಲ್ವಾ ಅದು" ಅಂದೆ. ಆಮೇಲೆ ಇಬ್ಬರೂ ಅವರೆಕಾಯಿ ಬಿಡಿಸಿದೆವು. ಅವಳಿಗೆ ಚೆನ್ನಾಗಿ ಬಿಡಿಸಲು ಬರುತ್ತದೆ. ನೀನು ಕಲಿಸಿದ್ದಂತೆ.

ನವೀನ್‌ಕುಮಾರ್ ದಿನಾ ನಾಯಿಯ ವಿಷಯ ಕೇಳುತ್ತಾರೆ. ಹೇಳಿದ್ದನ್ನೇ ಹೇಳುತ್ತೇನೆ. ಅದು ಉಂಡಿತೇ, ಬರೆ.

ಮಹಾದೇವಯ್ಯ


ಸುರಂಗದ ಶೆಡ್ಡು, ಮಾರನಹಳ್ಳಿ
26 ನವೆಂಬರ್ 2003

ಮಾವ,

ನೀವು ಹೋದ ದಿನ ಪಾಂಡು ಉಣ್ಣಲಿಲ್ಲ. ಮರುದಿನ ಸಂಜೆ ನನ್ನ ಕೈಯಿಂದ ಉಂಡಿತು. ಒಣಮೀನು ಮುಟ್ಟಿದ್ದು ನಾನು ಜೀವನದಲ್ಲಿ ಇದೇ ಮೊದಲು.

ಅದಕ್ಕೆ ನನ್ನ ಗುರುತು ಸಿಕ್ಕಿದೆಯೋ ಇಲ್ಲವೋ ಹೇಳಲಾರೆ. ಕೈ ಮೂಸಿತು, ಬಾಲ ಒಂದು ಸಲ ಆಡಿಸಿತು, ಹೋಗಿ ನೀವು ಇಳಿದು ಹೋದ ದಾರಿಗೆ ಮುಖ ಮಾಡಿ ಕೂತಿತು. ಈಗಲೂ ಅಲ್ಲೇ ಇದೆ. ಅದನ್ನು ನೋಡಿ ನನಗೆ ಅಳು ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ. ಅದು ನಿಮ್ಮದಾಗಿದೆ. ಅದು ನನಗೆ ಸಮಾಧಾನವೇ.

ಬಂದ ಮೊದಲ ದಿನಗಳಲ್ಲಿ ಹಗಲೂ ನಿದ್ದೆ ಮಾಡಿದೆ. ಎರಡು ವರ್ಷದ ನಿದ್ದೆ ಇರಬೇಕು. ಯಾರಿಗೂ ತಲೆ ಬಾಚುವುದಿಲ್ಲ, ಯಾರ ಮುಖದಲ್ಲೂ ತಂಗಿಯನ್ನು ಕಾಣುವುದಿಲ್ಲ. ಇಲ್ಲೇ ಇದ್ದುಬಿಡಬಹುದು ಅನ್ನಿಸಿತು. ನಿಮ್ಮ ಹತ್ತಿರ ಹೇಳಲು ನಾಚಿಕೆಯೇನೂ ಇಲ್ಲ.

ಇವತ್ತು ಮಧ್ಯಾಹ್ನ ಕೆಳಗೆ ಕೆಲಸದವರ ಹಟ್ಟಿಯ ಕಡೆಯಿಂದ ಒಂದು ಮಗು ಕೂಗಿದ್ದು ಕೇಳಿಸಿತು. ಆಟದ ಕೂಗೋ, ಬಿದ್ದದ್ದೋ ತಿಳಿಯಲಿಲ್ಲ. ಪಾಂಡು ಕೂದಲು ನಿಮಿರಿಸಿಕೊಂಡು ಎದ್ದು ನಿಂತಿತು. ಹಗ್ಗ ಬಿಗಿಯಾದಾಗ ನೋಡಿಕೊಂಡೆ, ನಾನೂ ಎದ್ದು ನಿಂತಿದ್ದೆ. ಕಾಲಿಗೆ ಚಪ್ಪಲಿ ಸಿಕ್ಕಿಸಿಕೊಂಡಿದ್ದೆ. ಅದು ಮಾನಸಾಳ ಧ್ವನಿಯಲ್ಲ ಎಂದು ಗೊತ್ತಿತ್ತು. ಆದರೂ ಕೂಗು ನಿಲ್ಲುವ ತನಕ ಕೂರಲಾಗಲಿಲ್ಲ. ಇಬ್ಬರೂ ಹಾಗೇ ನಿಂತಿದ್ದೆವು.

ವಾಣಿ